ಅರ್ಧರಾಯರೂ ಪೂರ್ತಿ ಏಣಿಯೂ

ಅರ್ಧರಾಯರು ಹುಟ್ಟುವಾಗ ಪೂರ್ತಿಯಾಗಿಯೇ ಹುಟ್ಟಿದವರು. ಅಪ್ಪ ಅಮ್ಮ ಇಟ್ಟ ಹೆಸರೂ ಪೂರ್ತಿಯಾಗಿಯೇ ಇತ್ತು. ಆದರೆ ಹಣಕಾಸು ಕಚೇರಿಯ ಬಜೆಟ್ ವಿಭಾಗಕ್ಕೆ ಬಂದು ಕೂತ ಮೇಲೆ, ಯಾವ ಇಲಾಖೆ ಏನು ಕೇಳಿದರೂ ಕೆಂಪು ಪೆನ್ನಿನಿಂದ ಅದನ್ನು ಅರ್ಧ ಮಾಡಿ ಮಾಡಿ, ಕೊನೆಗೆ ಆ ಹೆಸರು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಎದುರಿಗೆ 'ರಾಯರೇ' ಎನ್ನುತ್ತಿದ್ದರು, ಬೆನ್ನ ಹಿಂದೆ 'ಅರ್ಧರಾಯ' ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಹಿಗ್ಗುತ್ತಿದ್ದರು. ಇಂಥ ಬಿರುದು ಸುಮ್ಮನೆ ಬರುತ್ತದೆಯೇ?

ಆ ಕಚೇರಿಯ ಪದ್ಧತಿಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನ ವರ್ಷದ ಬಜೆಟ್ ತಯಾರಾಗುವ ಕಾಲದಲ್ಲಿ ಪ್ರತಿಯೊಂದು ಇಲಾಖೆಯವರೂ ತಮಗೆ ಬೇಕಾದದ್ದರ ಎರಡರಷ್ಟು ಕೇಳುತ್ತಿದ್ದರು. ಅರ್ಧರಾಯರು ಅದನ್ನು ಅರ್ಧ ಮಾಡುತ್ತಿದ್ದರು. ಕೇಳಿದವರು "ಅಯ್ಯೋ, ಸತ್ತೆವು ಸಾರ್" ಎಂದು ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರು. ಬಾಗಿಲು ದಾಟಿ ಮೆಟ್ಟಿಲಿಳಿಯುವಾಗ ಸಿಳ್ಳೆ ಹಾಕುತ್ತಿದ್ದರು. ಆಸ್ಪತ್ರೆಯ ಉಗ್ರಾಣದವನಂತೂ ಪ್ರತಿ ವರ್ಷ ಒಂದು ತೂತು ಬಿದ್ದ ಹೊದಿಕೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದು, ಮೇಜಿನ ಮೇಲೆ ಹರಡಿ, ಕಣ್ಣೊರೆಸಿಕೊಳ್ಳುತ್ತಿದ್ದ. ಆ ತೂತಿನ ಅಂಚು ಆಗಷ್ಟೇ ಕತ್ತರಿಯಿಂದ ಕತ್ತರಿಸಿದಷ್ಟು ನೀಟಾಗಿರುತ್ತಿತ್ತು. ಅರ್ಧರಾಯರು ಅದನ್ನು ಕಂಡೂ ಕಾಣದವರಂತೆ "ಪಾಪ" ಎನ್ನುತ್ತಿದ್ದರು, ಅರ್ಧ ಮಾಡುತ್ತಿದ್ದರು. ಅವನಿಗೂ ಸಮಾಧಾನ, ಇವರಿಗೂ ಸಮಾಧಾನ. ಸರ್ಕಾರ ನಡೆಯುವುದೇ ಹೀಗೆ.

ಈ ವರ್ಷ ಮಾತ್ರ ಮೇಲಿನಿಂದ ಒಂದು ಬಿಗಿ ಸುತ್ತೋಲೆ ಬಂದಿತ್ತು. ಮುಂದಿನ ವರ್ಷದ ಖರ್ಚು ಈ ವರ್ಷದ್ದಕ್ಕಿಂತ ಒಂದು ಕಾಸೂ ಮೇಲೇಳಕೂಡದು. ದೊಡ್ಡ ಸಾಹೇಬರು ಅರ್ಧರಾಯರನ್ನು ಒಳಗೆ ಕರೆದು, ಖಾಲಿ ಬಿದ್ದಿದ್ದ ಕಿಟಕಿ ಪಕ್ಕದ ಮೇಜನ್ನು ತೋರಿಸಿದರು. ಅದು ಮೇಲ್ವಿಚಾರಕರ ಮೇಜು. ಅದಕ್ಕೆ ಬೀಗವಿರುವ ಡ್ರಾಯರ್ ಇತ್ತು, ಕುರ್ಚಿಗೆ ಕೈಗಳಿದ್ದವು.

"ಖರ್ಚನ್ನ ಗಟ್ಟಿಯಾಗಿ ಹಿಡಿದು ನಿಲ್ಲಿಸಿ ರಾಯರೇ. ಆ ಮೇಜು ನಿಮ್ದೇ."

"ಹಿಡಿದೆ ಅಂತಲೇ ತಿಳ್ಕೊಳ್ಳಿ ಸಾರ್."

ಇಷ್ಟು ಹೇಳಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮನೆಗೆ ಬಂದು ಹೆಂಡತಿಗೆ "ನಾನು ಮೇಲ್ವಿಚಾರಕ ಆದ ಹಾಗೇ" ಎಂದುಬಿಟ್ಟರು. ಹೆಂಡತಿ ಪಕ್ಕದ ಮನೆಯ ಅಂಗಡಿಯಮ್ಮನಿಗೆ ಹೇಳಿದಳು. ಅಂಗಡಿಯಮ್ಮ ಎಂದರೆ ಹಾರ್ಡ್‌ವೇರ್ ಅಂಗಡಿಯವರ ಹೆಂಡತಿ. ಆಕೆಗೆ ಹೇಳಿದ ಮಾತು ಬೀದಿಗೆ ಹೇಳಿದ ಹಾಗೆ. ರಾತ್ರಿ ಊಟದ ಹೊತ್ತಿಗೆ ಇಡೀ ಕಟ್ಟಡ ಅಭಿನಂದಿಸಿ ಆಗಿತ್ತು. ಇನ್ನು ಮೇಜು ಸಿಗದಿದ್ದರೆ ಮೆಟ್ಟಿಲು ಹತ್ತಿ ಮನೆ ಸೇರುವ ಮುಖ ಇರಲಿಲ್ಲ. ಅವರ ಮನೆ ಇದ್ದದ್ದೋ ಮೂರನೇ ಮಹಡಿ, ಎಲ್ಲರ ಬಾಗಿಲ ಮುಂದೆಯೂ ಹಾದೇ ಹೋಗಬೇಕು. ಊರಿಗೆಲ್ಲ ಎತ್ತರದ ಕಟ್ಟಡ ಅದೊಂದೇ. "ನಮ್ಮಲ್ಲಿ ಗಾಳಿ ಚೆನ್ನಾಗಿ ಬರುತ್ತೆ" ಎಂದು ಅರ್ಧರಾಯರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಇಂಥ ಹೊತ್ತಿನಲ್ಲಿ ಅಗ್ನಿಶಾಮಕ ಠಾಣೆಯಿಂದ ಒಂದು ಕಾಗದ ಬಂತು.

ಠಾಣೆಗೆ ಹೊಸದಾಗಿ ಬಂದಿದ್ದ ಅಧಿಕಾರಿಯನ್ನು ಊರಿನವರು ಬೆಂಕಿ ಸಾಹೇಬ ಎಂದು ಕರೆಯುತ್ತಿದ್ದರು. ಮನುಷ್ಯ ಮಾತ್ರ ತಣ್ಣೀರಿನಂತೆ ಇದ್ದ. ಅವನು ಬರೆದದ್ದು ಇಷ್ಟೇ: 'ಒಂದು ಏಣಿ ಬೇಕು. ಮೂರು ಮಹಡಿ ಎತ್ತರ. ಈಗ ಇರುವುದು ಒಂದೂವರೆ ಮಹಡಿಗೆ ಮುಟ್ಟುತ್ತದೆ.' ಮುಗಿಯಿತು. ವಿನಮ್ರ ವಿನಂತಿ ಇಲ್ಲ, ಜನರ ಪ್ರಾಣದ ಪ್ರಶ್ನೆ ಎಂಬ ಸಾಲಿಲ್ಲ, ತೂತಿಲ್ಲ, ಕಣ್ಣೀರಿಲ್ಲ.

ಅರ್ಧರಾಯರು ಕಾಗದವನ್ನು ತಿರುಗಿಸಿ ಹಿಂಬದಿ ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಅವನನ್ನು ಕರೆಸಿದರು.

"ಏಣಿ ಎಷ್ಟು ಎತ್ತರ ಬೇಕು ನಿಮಗೆ?"

"ಮೂರು ಮಹಡಿ ಸಾರ್."

"ಅದು ಬರೆದಿದ್ದು. ನಿಜವಾಗಿ ಎಷ್ಟು ಬೇಕು?"

"ಮೂರು ಮಹಡಿ ಸಾರ್."

ಅರ್ಧರಾಯರು ನಕ್ಕರು. ಅವನು ನಗಲಿಲ್ಲ. ಇವರು ನಗು ನಿಲ್ಲಿಸಿ ಕೆಂಪು ಪೆನ್ನು ಎತ್ತಿಕೊಂಡರು. "ಸರಿ, ಒಂದೂವರೆ ಮಾಡ್ತೀನಿ."

ಈಗ ಅವನು ತಲೆಯ ಮೇಲೆ ಕೈ ಹೊರಬೇಕಿತ್ತು. ಹೊರಲಿಲ್ಲ. "ಒಂದೂವರೆ ಮಹಡೀದು ಇದೆ ಸಾರ್. ಇನ್ನೊಂದು ಒಂದೂವರೆ ತಗೊಂಡು ಏನು ಮಾಡೋದು? ಪಕ್ಕಪಕ್ಕ ನಿಲ್ಲಿಸೋದಾ? ಕೊಡೋ ಹಾಗಿದ್ರೆ ಮೂರು ಕೊಡಿ. ಇಲ್ದಿದ್ರೆ ಬೇಡವೇ ಬೇಡ."

"ಬೇಡವಾ?"

"ಬೇಡ ಸಾರ್. ದುಡ್ಡು ದಂಡ."

ಅವನು ನಮಸ್ಕಾರ ಮಾಡಿ ಹೊರಟ. ಅರ್ಧರಾಯರು ಕಿವಿಗೊಟ್ಟು ಕೂತರು. ಮೆಟ್ಟಿಲ ಕಡೆಯಿಂದ ಸಿಳ್ಳೆ ಕೇಳಿಸಲಿಲ್ಲ. ಅವರ ತಲೆಯಲ್ಲಿ ಹುಳ ಹೊಕ್ಕಿದ್ದು ಆ ಕ್ಷಣದಲ್ಲಿ. ಸರ್ಕಾರದ ದುಡ್ಡು ದಂಡವಾಗುತ್ತದೆ ಎಂದು ಸರ್ಕಾರದವನೇ ಹೇಳುತ್ತಾನೆಂದರೆ, ಅದರ ಹಿಂದೆ ಏನೋ ಭಾರೀ ಮಸಲತ್ತೇ ಇರಬೇಕು.

ಮಧ್ಯಾಹ್ನ ಚಹಾ ಹೊತ್ತಿಗೆ ವಿಷಯವನ್ನು ಟಪಾಲು ಗುಮಾಸ್ತರ ಮುಂದೆ ಇಟ್ಟರು. ಟಪಾಲು ಗುಮಾಸ್ತರು ಲಕೋಟೆಯನ್ನು ಒಡೆಯದೆ ಒಳಗಿನದನ್ನು ಹೇಳಬಲ್ಲವರು ಎಂದು ಹೆಸರಾದವರು. ಹೇಳಿದ್ದು ನಿಜವಾದದ್ದನ್ನು ಯಾರೂ ಕಂಡಿರಲಿಲ್ಲ.

"ಬೇಕಾದಷ್ಟೇ ಕೇಳಿದ್ನಾ?" ಎಂದು ಅವರು ಲೋಟವನ್ನು ಕೆಳಗಿಟ್ಟರು. "ಅಂದ್ರೆ ಅವನು ಬೆಂಕಿ ಇಲಾಖೆಯವನೇ ಅಲ್ಲ."

"ಮತ್ತೆ?"

"ತನಿಖೆಯವನು. ಮೇಲಿನಿಂದ ಬಿಟ್ಟಿದ್ದಾರೆ. ಯಾರು ಅರ್ಧ ಮಾಡ್ತಾರೆ, ಯಾಕೆ ಮಾಡ್ತಾರೆ ಅಂತ ನೋಡೋಕೆ."

ಈ ಮಾತು ಚಹಾದ ಲೋಟಗಳಿಗಿಂತ ಮೊದಲೇ ದೊಡ್ಡ ಸಾಹೇಬರ ಕೋಣೆ ತಲುಪಿತು. ಅವರು ಬಾಗಿಲು ಹಾಕಿಸಿ, ಅರ್ಧರಾಯರನ್ನು ಹತ್ತಿರ ಕರೆದು, ಪಿಸುದನಿಯಲ್ಲಿ ಕೇಳಿದರು. "ಅವನು ಕೂತಾಗ ಬೆನ್ನು ನೆಟ್ಟಗಿತ್ತಾ?"

"ಕೂರಲೇ ಇಲ್ಲ ಸಾರ್. ನಿಂತೇ ಇದ್ದ."

"ನಿಂತೇ ಇದ್ನಾ!" ಸಾಹೇಬರು ಹಣೆ ಒರೆಸಿಕೊಂಡರು. "ನೋಡಿ ರಾಯರೇ, ಕೊಟ್ರೆ 'ಖರ್ಚು ಏರಿಸಿದ್ರು' ಅಂತಾನೆ. ಕೊಡದಿದ್ರೆ 'ಪ್ರಾಣದ ಜೊತೆ ಆಟ ಆಡಿದ್ರು' ಅಂತಾನೆ. ಕೊಡಲೂ ಬೇಡಿ, ಬಿಡಲೂ ಬೇಡಿ. ಒಂದು ಪ್ರಶ್ನೆ ಕೇಳಿ ಕಳಿಸಿ. ಪ್ರಶ್ನೆ ಕೇಳೋದಕ್ಕೆ ಖರ್ಚಿಲ್ಲ."

ಅರ್ಧರಾಯರು ಕಾಗದದ ಅಂಚಿನಲ್ಲಿ ಬರೆದರು: 'ಊರಿನಲ್ಲಿ ಅತಿ ಎತ್ತರದ ಕಟ್ಟಡವನ್ನು ಖುದ್ದಾಗಿ ಅಳೆದು, ಅಳತೆಯನ್ನು ಸಲ್ಲಿಸತಕ್ಕದ್ದು.' ಬರೆದು ಕಳಿಸಿದ ಮರುಗಳಿಗೆಯಲ್ಲೇ ಮರೆತರು. ದಿನಕ್ಕೆ ಅಂಥ ನೂರೆಂಟು ಪ್ರಶ್ನೆ ಬರೆಯುವ ಕೈ ಅದು, ಯಾವುದನ್ನು ಅಂತ ನೆನಪಿಟ್ಟುಕೊಳ್ಳುವುದು?

ಪ್ರಶ್ನೆಯನ್ನು ಮರೆತರೂ ಸಂಶಯವನ್ನು ಮರೆಯಲಿಲ್ಲ. ಮನೆಗೆ ಹೋದರೆ ಅಲ್ಲಿಯೂ ಅದೇ ಯೋಚನೆ. ಹೆಂಡತಿ ಅಡುಗೆಮನೆಯಿಂದ ಕೂಗಿದಳು. "ರೀ, ಸಕ್ಕರೆ ಮುಗೀತು. ನಾಲ್ಕು ಕೇಜಿ ತನ್ನಿ."

"ಎರಡು ತರ್ತೀನಿ" ಎಂದರು ಅರ್ಧರಾಯರು, ಪೇಪರಿನಿಂದ ತಲೆ ಎತ್ತದೆ.

"ಅಯ್ಯೋ, ಹೇಗ್ರೀ ಸಾಕಾಗುತ್ತೆ?" ಎಂದಳು ಹೆಂಡತಿ, ಎರಡು ಕೇಜಿಯ ಡಬ್ಬಿಯನ್ನು ಒರೆಸಿಡುತ್ತ.

ಬೆಂಕಿ ಸಾಹೇಬನ ಗುಟ್ಟು ತಿಳಿಯಲು ಅರ್ಧರಾಯರು ತಮ್ಮ ಭಾವಮೈದನನ್ನು ನೇಮಿಸಿದರು. ಹೆಂಡತಿಯ ಈ ತಮ್ಮ ನಲವತ್ತು ದಾಟಿದವನು. ಯಾವ ಕೆಲಸವೂ ತನ್ನ ಯೋಗ್ಯತೆಗೆ ಸಾಲದೆಂದು ಎಲ್ಲವನ್ನೂ ಬಿಟ್ಟು ಅಕ್ಕನ ಮನೆಯಲ್ಲಿ ಊಟಕ್ಕೆ ಬರುತ್ತಿದ್ದ. ಠಾಣೆಯ ಎದುರು ಪೇಪರು ಹಿಡಿದು ಕೂರುವ ಕೆಲಸ ಅವನ ಯೋಗ್ಯತೆಗೆ ಸರಿಹೋಯಿತು. ವಾರ ಕಳೆದ ಮೇಲೆ ವರದಿ ಒಪ್ಪಿಸಿದ.

"ಭಾವ, ತುಂಬಾ ಅನುಮಾನದ ಜಾಗ ಅದು. ಹತ್ತು ಗಂಟೆಗೆ ಬರಬೇಕು ಅಂದ್ರೆ ಹತ್ತಕ್ಕೇ ಬರ್ತಾರೆ."

"ಹೌದಾ!"

"ಪೈಪು ಬಿಚ್ತಾರೆ, ಒರೆಸ್ತಾರೆ, ಮತ್ತೆ ಸುತ್ತಿಡ್ತಾರೆ. ಯಾರೂ ನೋಡ್ತಿಲ್ಲ ಅಂದ್ರೂ ಮಾಡ್ತಾರೆ."

"ಯಾರೂ ನೋಡದೇ ಇದ್ರೂ?" ಅರ್ಧರಾಯರ ಎದೆ ಢವಗುಟ್ಟಿತು.

"ಇನ್ನೊಂದಿದೆ. ನಿನ್ನೆ ಆ ಬೆಂಕಿ ಸಾಹೇಬ ನಿಮ್ಮ ಪಕ್ಕದ ಮನೆಯವರ ಅಂಗಡಿಗೆ ಹೋಗಿದ್ದ. ಇಬ್ರೂ ಗುಸುಗುಸು ಅಂತಿದ್ರು. ಹಾರ್ಡ್‌ವೇರಿನವರು ಒಂದು ಬೀಗದ ಕೈ ತೋರಿಸಿ 'ಭಾನುವಾರ ಸಾಯಂಕಾಲ ಬನ್ನಿ' ಅಂದ್ರು. ಕಿವಿಯಾರೆ ಕೇಳಿದೆ."

ಅರ್ಧರಾಯರಿಗೆ ಎಲ್ಲವೂ ಫಳಕ್ಕನೆ ಹೊಳೆಯಿತು. ಹಾರ್ಡ್‌ವೇರ್ ಅಂಗಡಿ ಎಂದರೆ ಏಣಿ. ಏಣಿ ಎಂದರೆ ಕಮಿಷನ್. ಬೀಗದ ಕೈ ಎಂದರೆ ಪೆಟ್ಟಿಗೆ. ಕಳ್ಳ ಸಿಕ್ಕಿದ! ತನಿಖೆಯವನೂ ಅಲ್ಲ, ಮಣ್ಣೂ ಅಲ್ಲ. ಇವನನ್ನು ಕೈಯಾರೆ ಹಿಡಿದುಕೊಟ್ಟರೆ ಏಣಿಯ ಖರ್ಚೂ ಉಳಿಯಿತು, ಮೇಜೂ ಬಂತು. ಅವರು ಅಂದು ಎರಡು ತುತ್ತು ಹೆಚ್ಚಿಗೆ ಉಂಡರು.

ಭಾನುವಾರ ಸಾಯಂಕಾಲ ಬಾಲ್ಕನಿಯಲ್ಲಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತರು. ತಾರಸಿಯ ಮೇಲೆ ಹೆಜ್ಜೆಯ ಸದ್ದಾಯಿತು. ಎರಡು ದನಿ. ಒಂದು ಹಾರ್ಡ್‌ವೇರಿನವರದು, ಇನ್ನೊಂದು ಬೆಂಕಿ ಸಾಹೇಬನದು. ಅದರ ಹಿಂದೆಯೇ ಪಕ್ಕದ ಮನೆಯ ಕಿಟಕಿಯ ಆಚೆ, ಮೇಲಿನಿಂದ ಒಂದು ಹಗ್ಗ ಇಳಿಯತೊಡಗಿತು.

"ಇನ್ನೂ ಬಿಡಿ, ಇನ್ನೂ ಬಿಡಿ. ಕೆಳಗೆ ಮುಟ್ಟಿದ ಮೇಲೆ ಲೆಕ್ಕ ಮಾಡೋಣ" ಎನ್ನುತ್ತಿತ್ತು ಮೇಲಿನ ದನಿ.

ಲೆಕ್ಕ! ಅರ್ಧರಾಯರು ಬಾಲ್ಕನಿಯ ಕಟಕಟೆ ಏರಿದರು. ಅದರ ಆಚೆ, ಕೆಳಗಿನ ಮನೆಯ ಕಿಟಕಿಗಳಿಗೆ ನೆರಳಾಗಲೆಂದು ಕಟ್ಟಿದ ಸಜ್ಜಾ ಗೋಡೆಗುಂಟ ಪಕ್ಕದ ಮನೆಯ ಕಿಟಕಿಯವರೆಗೂ ಹೋಗಿತ್ತು. ಅಗಲ ಒಂದು ಪಾದ, ಮೇಲೊಂದಿಷ್ಟು. ಲೆಕ್ಕ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಬಜೆಟ್ ವಿಭಾಗದವನಿಗೆ ಅಗಲ ಕಾಣುತ್ತದೆಯೇ? ಗೋಡೆಗೆ ಹೊಟ್ಟೆ ಒತ್ತಿಕೊಂಡು, ಅಡ್ಡಡ್ಡ ಜರುಗುತ್ತ, ಅಂಗಡಿಯಮ್ಮನ ಕಿಟಕಿಯ ಕಂಬಿಯನ್ನು ಹಿಡಿದುಕೊಂಡರು. ಹಗ್ಗ ಇನ್ನೇನು ಕೈಗೆ ಸಿಗುವಂತಿತ್ತು. ಆಗ ಕೆಳಗೆ ನೋಡಿದರು.

ನೋಡಬಾರದಿತ್ತು. ಬೀದಿ ಎಲ್ಲೋ ಪಾತಾಳದಲ್ಲಿತ್ತು. ಹೋಗುತ್ತಿದ್ದ ಸೈಕಲ್ಲು ಜಿರಳೆಯಷ್ಟು ಕಂಡಿತು. ಅರ್ಧರಾಯರ ಜೀವ ಬಾಯಿಗೆ ಬಂತು. ಕಾಲು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಕಂಬಿ ಹಿಡಿದ ಬೆರಳುಗಳು ತಾವೇ ಬೀಗ ಹಾಕಿಕೊಂಡವು.

ಕಿಟಕಿಯ ಒಳಗೆ ತಲೆ ಬಾಚಿಕೊಳ್ಳುತ್ತಿದ್ದ ಅಂಗಡಿಯಮ್ಮ ಕನ್ನಡಿಯಲ್ಲಿ ತನ್ನ ಮುಖದ ಪಕ್ಕ ಇನ್ನೊಂದು ಮುಖವನ್ನು ಕಂಡಳು.

"ಕಳ್ಳಾ! ಕಳ್ಳಾ!"

"ಅಮ್ಮಾ, ನಾನು! ಪಕ್ಕದ ಮನೆಯವನು!"

"ಅಯ್ಯಯ್ಯೋ, ಪಕ್ಕದ ಮನೆಯೋರು! ಅದು ಇನ್ನೂ ಕೆಟ್ಟದ್ದು!"

ಬಾಲ್ಕನಿಗೆ ಹೆಂಡತಿ ಓಡಿಬಂದಳು. ಗಂಡ ಇರುವ ಜಾಗವನ್ನೂ ಆ ಕಿಟಕಿಯನ್ನೂ ಒಂದು ಸಲ ನೋಡಿದಳು. "ಅವರ ಕಿಟಕಿ ಹತ್ರ ನಿಮಗೇನ್ರೀ ಕೆಲಸ?"

"ಸರ್ಕಾರಿ ಕೆಲಸ ಕಣೇ!"

"ಸರ್ಕಾರಿ ಕೆಲಸ ಯಾವತ್ತು ಭಾನುವಾರ ಮಾಡಿದ್ರಿ? ಸೋಮವಾರವೇ ಮಾಡಲ್ಲ!"

"ಆಮೇಲೆ ಬಯ್ಯೇ ಮಾರಾಯ್ತಿ. ಬೀಳ್ತೀನಿ!"

ತಾರಸಿಯ ಅಂಚಿನಿಂದ ಬೆಂಕಿ ಸಾಹೇಬನ ತಲೆ ಕೆಳಗೆ ಇಣುಕಿತು. "ಓಹೋ ಸಾರ್, ನೀವಾ? ಅಳತೆ ನೋಡೋಕೆ ಖುದ್ದಾಗಿ ಬಂದ್ರಾ?"

"ಯಾವ ಅಳತೆ?"

"ಊರಲ್ಲಿ ಎತ್ತರದ ಕಟ್ಟಡ ಅಳೆದು ಕೊಡಿ ಅಂತ ನೀವೇ ಬರೆದಿದ್ರಲ್ಲ ಸಾರ್. ಎತ್ತರದ್ದು ಅಂದ್ರೆ ನಿಮ್ಮದೇ. ತಾರಸಿ ಬೀಗದ ಕೈ ಇವರ ಹತ್ರ ಇತ್ತು."

ಅರ್ಧರಾಯರು ಕಂಬಿಗೆ ಹಣೆ ಚಚ್ಚಿಕೊಳ್ಳಬೇಕೆಂದುಕೊಂಡರು. ಅಲುಗಾಡಲು ಧೈರ್ಯ ಸಾಲಲಿಲ್ಲ. "ಆ ಹಗ್ಗ ಕೊಡ್ರೀ. ನನ್ನನ್ನ ಮೇಲಕ್ಕೆ ಎಳ್ಕೊಳ್ಳಿ."

"ಇದು ಅಳತೆಗೆ ಆಗುತ್ತೆ, ಮನುಷ್ಯರಿಗೆ ಆಗಲ್ಲ ಸಾರ್. ಹೊಸ ಹಗ್ಗ ಕೇಳಿದ್ರೆ 'ಹಳೆಯದಕ್ಕೇ ಗಂಟು ಹಾಕಿ ಬಳಸತಕ್ಕದ್ದು' ಅಂತ ಬರೆದ್ರಿ. ಈಗ ಹಗ್ಗಕ್ಕಿಂತ ಗಂಟೇ ಜಾಸ್ತಿ."

ಗಂಟೆ ಬಾರಿಸುತ್ತ ಅಗ್ನಿಶಾಮಕ ವಾಹನ ಬಂತು. ಬೀದಿಗೆ ಬೀದಿಯೇ ನೆರೆದಿತ್ತು. ಕೆಲವರು ಕಳ್ಳನೆಂದರು, ಕೆಲವರು ಬೇರೆ ಏನೋ ಅಂದರು, ಹಣ್ಣಿನ ಗಾಡಿಯವನು ಇದೇ ಸಮಯವೆಂದು ಗಾಡಿಯನ್ನು ಹತ್ತಿರ ತಂದು ನಿಲ್ಲಿಸಿಕೊಂಡ. ಏಣಿಯನ್ನು ಗೋಡೆಗೆ ಆನಿಸಿದರು. ಬೆಂಕಿ ಸಾಹೇಬ ತಾರಸಿಯಿಂದಿಳಿದು ಬಂದು ಏಣಿ ಹತ್ತಿದ. ಅದರ ತುದಿ ಕಟ್ಟಡದ ನಡು ಸೊಂಟಕ್ಕೆ ಬಂದು ನಿಂತಿತು. ಅವನು ಕೊನೆಯ ಮೆಟ್ಟಿಲಲ್ಲಿ ನಿಂತು ತಲೆ ಎತ್ತಿದ. ಮೇಲೆ ಬಲು ದೂರದಲ್ಲಿ ಅರ್ಧರಾಯರ ಚಪ್ಪಲಿ ಕಾಣುತ್ತಿತ್ತು.

"ಇಷ್ಟೇ ಬರೋದು ಸಾರ್. ಒಂದೂವರೆ."

"ಎಲ್ಲಿಂದಾದ್ರೂ ಉದ್ದದ್ದು ತರಿಸ್ರೀ!"

"ಜಾಹೀರಾತು ಬೋರ್ಡು ಕಟ್ಟೋರ ಹತ್ರ ಇದೆ ಸಾರ್. ಬಾಡಿಗೆ ಕೇಳ್ತಾರೆ."

"ಕೊಡಿ! ಬಾಡಿಗೆ ಕೊಟ್ಟು ತನ್ನಿ!"

"ಹೋದ ವರ್ಷ ಗೋದಾಮಿಗೆ ಬೆಂಕಿ ಬಿದ್ದಾಗ ನಮ್ಮ ಹಿಂದಿನ ಸಾಹೇಬ್ರು ನೀರಿನ ಟ್ಯಾಂಕರ್ ಬಾಡಿಗೆಗೆ ತಂದಿದ್ರು ಸಾರ್. ಮುಂಚೆ ಮಂಜೂರಾತಿ ತಗೊಂಡಿಲ್ಲ ಅಂತ ನೀವು ಅವರ ಸಂಬಳದಲ್ಲೇ ಹಿಡಿದ್ರಿ."

"ನಾನೇ ಮಂಜೂರು ಮಾಡ್ತಾ ಇದ್ದೀನಿ! ಈಗ! ಇಲ್ಲೇ!"

"'ಬಾಯಿಮಾತಿನ ಮಂಜೂರಾತಿ ಮಾನ್ಯವಲ್ಲ' ಅಂತ ಠಾಣೆ ಗೋಡೆ ಮೇಲೆ ಅಂಟಿಸಿದ್ದಾರೆ ಸಾರ್. ಕೆಳಗೆ ನಿಮ್ಮ ಸಹಿ ಇದೆ." ಅವನ ದನಿಯಲ್ಲಿ ಕುಹಕವಿರಲಿಲ್ಲ. ಅದೇ ಅರ್ಧರಾಯರಿಗೆ ತಡೆಯಲಾಗಲಿಲ್ಲ. ಕುಹಕವಾಡಿದ್ದರೆ ತಿರುಗಿ ಬಯ್ಯಬಹುದಿತ್ತು.

ಅಷ್ಟರಲ್ಲಿ ಭಾವಮೈದ ದೊಡ್ಡ ಸಾಹೇಬರನ್ನು ಕರೆತಂದ. ಅವರು ಮನೆಯ ಪೈಜಾಮದಲ್ಲೇ ಬಂದಿದ್ದರು. ತಲೆ ಎತ್ತಿ ನೋಡಿ, ಮೊದಲು ಬೆಂಕಿ ಸಾಹೇಬನನ್ನೇ ಗುಮಾನಿಯಿಂದ ದಿಟ್ಟಿಸಿದರು. ತಮ್ಮ ರಾಯರನ್ನೇ ಅಲ್ಲಿ ಹತ್ತಿಸಿ ತಮ್ಮನ್ನು ಪರೀಕ್ಷೆ ಮಾಡುತ್ತಿದ್ದಾನೋ ಹೇಗೆ? ನೋಡುವ ಜನ ಬೇರೆ ಇದ್ದರು. ಅವರು ಗಂಟಲು ಸರಿಮಾಡಿಕೊಂಡು ಕಚೇರಿಯ ದನಿ ತೆಗೆದರು.

"ರಾಯರೇ! ಎಷ್ಟು ಎತ್ತರದ ಏಣಿ ಬೇಕು?"

ಅರ್ಧರಾಯರ ಇಡೀ ನೌಕರಿಯಲ್ಲಿ ಈ ಪ್ರಶ್ನೆಯನ್ನು ಅವರೇ ಕೇಳಿದ್ದು, ಅವರನ್ನು ಯಾರೂ ಕೇಳಿರಲಿಲ್ಲ. ಅವರು ಪ್ರಾಮಾಣಿಕವಾಗಿ, ಹೊಟ್ಟೆಯಾಳದಿಂದ ಕೂಗಿದರು. "ಮೂರು ಸಾರ್! ಮೂರು ಮಹಡಿ!"

ಸಾಹೇಬರು ಅರ್ಥವಾದವರಂತೆ ತಲೆದೂಗಿದರು. "ನಮ್ಮ ವಿಭಾಗದೋನೇ ಅಲ್ವಾ? ನನಗೆ ಗೊತ್ತಿಲ್ವಾ? ಮೂರು ಅಂದ್ರೆ ಒಂದೂವರೆ." ಗೋಡೆಗೆ ಆನಿಸಿದ್ದ ಏಣಿಯ ಕಡೆ ಕೈ ತೋರಿಸಿದರು. "ಒಂದೂವರೆ ಇದ್ದೇ ಇದೆಯಲ್ಲ. ಹೊಸ ಖರ್ಚು ಯಾಕೆ?"

"ಸಾರ್, ನಿಜವಾಗ್ಲೂ ಮೂರು!"

"ಎಲ್ಲರೂ ಹಾಗೇ ಅಂತಾರೆ ಅಂತ ನೀವೇ ತಾನೇ ನನಗೆ ಹೇಳಿದ್ದು?"

"ಸಾರ್, ಕೈ ನೋಯ್ತಾ ಇದೆ ಸಾರ್!"

"ಕೈ ನೋವು ಅಂತ ಹೇಳೋದು, ಹರಿದ ಹೊದಿಕೆ ತೋರಿಸೋದು, ಇದೆಲ್ಲ ಹಳೇ ಕಥೆ ರಾಯರೇ" ಎಂದರು ಸಾಹೇಬರು. ಜನ ಮೆಚ್ಚಿ ನಕ್ಕರು. ಅರ್ಧರಾಯರಿಗೆ ಅಳು ಬಂತು. ಕಣ್ಣೀರು ಗಲ್ಲದ ಮೇಲಿಳಿದರೂ ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನಿಜ ಹೇಳುತ್ತಿದ್ದೇನೆ, ಯಾರೂ ನಂಬುತ್ತಿಲ್ಲ. ಇದಕ್ಕಿಂತ ಒಂಟಿತನ ಇನ್ನೊಂದಿಲ್ಲ ಎನ್ನಿಸಿತು. ಎರಡು ವಾರದ ಹಿಂದೆ ತಮ್ಮ ಮೇಜಿನ ಮುಂದೆ ಒಬ್ಬ ಮನುಷ್ಯ ಹೀಗೇ ನಿಂತಿದ್ದ ಎಂಬುದೂ ನೆನಪಾಯಿತು.

ಆಗ ಬಾಲ್ಕನಿಯಿಂದ ಹೆಂಡತಿಯ ದನಿ ಮೊಳಗಿತು. ಅಷ್ಟು ಹೊತ್ತೂ ಕೋಪದಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದವಳು ಈಗ ಮುಂದಕ್ಕೆ ಬಾಗಿದಳು. ಈ ಮನುಷ್ಯನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವಳು ಅವಳು.

"ಸಾಹೇಬ್ರೇ! ಅವರ ಮಾತು ಕೇಳಬೇಡಿ! ಮೂರು ಎಲ್ಲಿ ಸಾಕಾಗುತ್ತೆ? ಆರು ಬೇಕು! ಆರು ಮಹಡಿ ಏಣಿ! ಒಂದು ಮೆಟ್ಟಿಲು ಕಮ್ಮಿಯಾದ್ರೂ ನಾನು ಒಪ್ಪಲ್ಲ!"

"ಆರಾ!" ಸಾಹೇಬರು ಹೌಹಾರಿದರು. "ಏನಮ್ಮ, ಸರ್ಕಾರದ ದುಡ್ಡು ಅಂದ್ರೆ ಏನು ಅಂದ್ಕೊಂಡಿದ್ದೀರಿ? ಆರು ಗೀರು ಆಗಲ್ಲ. ಅರ್ಧ ಮಾಡ್ತೀನಿ. ಮೂರು! ತಗೊಂಡ್ರೆ ತಗೊಳ್ಳಿ, ಬಿಟ್ರೆ ಬಿಡಿ!"

"ಅಯ್ಯೋ, ಸತ್ತೆವು ಸಾಹೇಬ್ರೇ!" ಎಂದು ಹೆಂಡತಿ ತಲೆಯ ಮೇಲೆ ಕೈ ಹೊತ್ತುಕೊಂಡಳು.

ಸಾಹೇಬರು ಹಣ್ಣಿನ ಗಾಡಿಯವನ ಕಾಗದದ ಪೊಟ್ಟಣದ ಮೇಲೆಯೇ ಮಂಜೂರಾತಿ ಬರೆದು ಸಹಿ ಹಾಕಿದರು. ಜಾಹೀರಾತಿನವರ ಏಣಿ ಬಂತು. ಅದು ಸಜ್ಜಾಕ್ಕೆ ಸರಿಯಾಗಿ ಬಂದು ಮುಟ್ಟಿತು. ಬೆಂಕಿ ಸಾಹೇಬ ಮೇಲೆ ಹತ್ತಿ, ಅರ್ಧರಾಯರ ಬೆರಳುಗಳನ್ನು ಒಂದೊಂದಾಗಿ ಕಂಬಿಯಿಂದ ಬಿಡಿಸಿ, ಅವರ ಬೆನ್ನಿಗೆ ತಾನೇ ಆಸರೆಯಾಗಿ ನಿಂತು, ನಿಧಾನಕ್ಕೆ ಇಳಿಸತೊಡಗಿದ.

ನಡುದಾರಿಯಲ್ಲಿ ಅರ್ಧರಾಯರು ಅವನನ್ನು ಮೆಲ್ಲಗೆ ಕೇಳಿದರು. "ಅವತ್ತು ನೀವು ಮೂರೇ ಯಾಕೆ ಕೇಳಿದ್ರಿ?"

"ಮೂರೇ ಬೇಕಿತ್ತು ಸಾರ್."

"ಅಷ್ಟೇನಾ?"

"ಅಷ್ಟೇ ಸಾರ್. ಕಾಲು ನೋಡ್ಕೊಂಡು ಇಡಿ."

ಅರ್ಧರಾಯರು ನಾಚಿಕೆಯಿಂದ ಕುಗ್ಗಿಹೋದರು. ನೆಲ ಮುಟ್ಟುವ ಹೊತ್ತಿಗೆ ಮನಸ್ಸಿನಲ್ಲಿ ನಿರ್ಧರಿಸಿಯಾಗಿತ್ತು. ನಾಳೆ ಆ ಕಾಗದ ವಾಪಸ್ ತರಿಸಿಕೊಂಡು, ಮೇಜು ಹೋದರೆ ಹೋಗಲಿ, ಪೂರ್ತಿ ಮೂರು ಎಂದು ಬರೆಯಬೇಕು. ಜೀವನದಲ್ಲಿ ಒಮ್ಮೆ ಪೂರ್ತಿ ಬರೆಯಬೇಕು.

ಮರುದಿನ ಬೇಗ ಕಚೇರಿಗೆ ಹೋದರು. ಬೆಂಕಿ ಸಾಹೇಬ ಆಗಲೇ ಬಂದು ನಿಂತಿದ್ದ. ಕೈಯಲ್ಲಿ ಹೊಸ ಕಾಗದವಿತ್ತು. 'ಆರು ಮಹಡಿ ಎತ್ತರದ ಏಣಿ ಒದಗಿಸಬೇಕೆಂದು ಅತ್ಯಂತ ವಿನಮ್ರವಾಗಿ ಬೇಡಿಕೊಳ್ಳುತ್ತೇನೆ. ಇದು ಜನರ ಪ್ರಾಣದ ಪ್ರಶ್ನೆ.'

"ಇದೇನಿದು? ಮೂರರ ಕಾಗದ ಎಲ್ಲಿ?"

"ವಾಪಸ್ ತಗೊಂಡೆ ಸಾರ್. ಅದರಿಂದ ಕೆಲಸ ಆಗಲ್ಲ ಅಂತ ಗೊತ್ತಾಯ್ತಲ್ಲ. ನಿಮ್ಮ ಮನೆಯೋರು ಹೇಗೆ ಕೇಳಬೇಕು ಅಂತ ತೋರಿಸಿಕೊಟ್ರು." ಅವನು ಅವರ ಕಣ್ಣು ತಪ್ಪಿಸಿ, ಚೀಲದಿಂದ ಏಣಿಯ ಒಂದು ಮುರಿದ ಮೆಟ್ಟಿಲನ್ನು ತೆಗೆದು ಮೇಜಿನ ಮೇಲಿಟ್ಟ. "ನೋಡಿ ಸಾರ್, ಎಷ್ಟು ಹಾಳಾಗಿದೆ."

ಮೆಟ್ಟಿಲಿನ ಮುರಿದ ಅಂಚು ಆಗಷ್ಟೇ ಗರಗಸದಿಂದ ಕೊಯ್ದಷ್ಟು ನೀಟಾಗಿತ್ತು.

ಅರ್ಧರಾಯರು ಅದನ್ನು ಬಹಳ ಹೊತ್ತು ನೋಡಿದರು. ಬೇಕಾದಷ್ಟೇ ಕೇಳುವವನು ಊರಿನಲ್ಲಿ ಇದ್ದದ್ದು ಇವನೊಬ್ಬ, ಇವನನ್ನೂ ಕೆಡಿಸಿದೆನಲ್ಲ ಎನ್ನಿಸಿತು. "ಇದನ್ನ ಹರಿದುಹಾಕಿ, ಮೂರು ಅಂತ ಬರೆದುಕೊಡಿ, ಪೂರ್ತಿ ಕೊಡ್ತೀನಿ" ಎಂದರು. ಬೆಂಕಿ ಸಾಹೇಬ ಒಂದು ಹೆಜ್ಜೆ ಹಿಂದೆ ಸರಿದ. ಕಾಗದದ ಮೇಲೆ ಕೈ ಇಟ್ಟುಕೊಂಡು, ಇದರಲ್ಲಿ ಏನು ಕುತಂತ್ರವಿದೆಯೋ ಎಂಬಂತೆ ಅವರ ಮುಖವನ್ನೇ ನೋಡಿದ. "ಬೇಡ ಸಾರ್. ಆರೇ ಇರಲಿ. ನೀವು ಅರ್ಧ ಮಾಡಿ."

ಅರ್ಧರಾಯರು ಕೆಂಪು ಪೆನ್ನು ಎತ್ತಿ ಅರ್ಧ ಮಾಡಿದರು.

"ಅಯ್ಯೋ. ಸತ್ತೆ. ಸಾರ್" ಎಂದ ಅವನು, ಪಾಠ ಒಪ್ಪಿಸುವ ಮಗುವಿನಂತೆ. ಇನ್ನೂ ರೂಢಿಯಿರಲಿಲ್ಲ. ಆದರೆ ಮೆಟ್ಟಿಲಿಳಿಯುವಾಗ ಸಿಳ್ಳೆ ಕೇಳಿಸಿತು, ಶ್ರುತಿಬದ್ಧವಾಗಿಯೇ.

ಆ ವರ್ಷದ ಬಜೆಟ್ಟಿನಲ್ಲಿ ಎಲ್ಲ ಇಲಾಖೆಗಳ ಬೇಡಿಕೆಯನ್ನೂ ತಪ್ಪದೆ ಅರ್ಧಕ್ಕಿಳಿಸಲಾಗಿದೆ ಎಂದು ದೊಡ್ಡ ಸಾಹೇಬರು ವರದಿ ಕಳಿಸಿದರು. ಅದನ್ನು ಓದಿದ ಖುಷಿಯಲ್ಲಿ ಮೇಲಿನವರು ಖರ್ಚು ಏರಿತೋ ಇಳಿಯಿತೋ ಎಂದು ಕೇಳುವುದನ್ನೇ ಮರೆತರು. ಅರ್ಧರಾಯರಿಗೆ ಕಿಟಕಿ ಪಕ್ಕದ ಮೇಜು ಸಿಕ್ಕಿತು. ಅವರು ಕುರ್ಚಿಯನ್ನು ತಿರುಗಿಸಿ ಕಿಟಕಿಗೆ ಬೆನ್ನು ಹಾಕಿ ಕೂತರು. ಆ ಕಚೇರಿ ಇದ್ದದ್ದು ಒಂದನೇ ಮಹಡಿ, ಆದರೂ ಅವರಿಗೆ ಕೆಳಗೆ ನೋಡಲು ಮನಸ್ಸಾಗಲಿಲ್ಲ.

ಮೇಜು ಸಿಕ್ಕ ದಿನದ ಸಂಜೆ ಮನೆಯಲ್ಲಿ ಹೆಂಡತಿ ಎಂದಿನಂತೆ ಕೂಗಿದಳು. "ರೀ, ನಾಲ್ಕು ಕೇಜಿ ಸಕ್ಕರೆ ತನ್ನಿ."

ಅರ್ಧರಾಯರು ಪೇಪರು ಮಡಚಿಟ್ಟರು. ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು. "ನೋಡು, ಇನ್ಮೇಲೆ ನಮ್ಮಿಬ್ಬರ ಮಧ್ಯೆ ಇದೆಲ್ಲ ಬೇಡ. ಎಷ್ಟು ಬೇಕೋ ಅಷ್ಟೇ ಕೇಳು. ನಾನು ಪೂರ್ತಿ ತಂದುಕೊಡ್ತೀನಿ. ನಿನ್ನನ್ನ ನಂಬ್ತೀನಿ."

ಹೆಂಡತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವಳು ಗಂಡನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. ಬಾಲ್ಕನಿಯ ಬಾಗಿಲು ನೋಡಿದಳು. ಅಂಗಡಿಯಮ್ಮನ ಮನೆಯ ಗೋಡೆ ನೋಡಿದಳು.

"ಪೂರ್ತಿ ತಂದುಕೊಡ್ತೀರಾ?" ಎಂದಳು ಮೆಲ್ಲಗೆ. "ಏನ್ರೀ ಸಮಾಚಾರ? ಏನು ಮಾಡ್ಕೊಂಡು ಬಂದಿದ್ದೀರಿ?"

"ಏನೂ ಇಲ್ಲ ಕಣೇ, ದೇವರಾಣೆ!"

"ದೇವರಾಣೆ ಬೇರೆ!" ಎಂದವಳು ಒಲೆ ಆರಿಸಿ, ತಮ್ಮನಿಗೆ ಫೋನು ಮಾಡಲು ಒಳಗೆ ಹೋದಳು.

ಬೆಳಿಗ್ಗೆ ಅರ್ಧರಾಯರು ಕಚೇರಿಗೆ ಹೊರಟಾಗ ಎದುರಿನ ದೀಪದ ಕಂಬದ ಹಿಂದೆ ಒಂದು ಪೇಪರು ನಿಂತಿತ್ತು. ಇವರು ನಡೆದರೆ ಅದೂ ನಡೆಯುತ್ತಿತ್ತು, ಇವರು ನಿಂತರೆ ಅದೂ ನಿಲ್ಲುತ್ತಿತ್ತು. ಕಚೇರಿಯ ಗೇಟಿನ ಬಳಿ ಅವರು ತಿರುಗಿ ನೇರ ಅದರ ಮುಂದೆಯೇ ಹೋಗಿ ನಿಂತರು. ಪೇಪರಿನ ಮೇಲಂಚಿನಿಂದ ಭಾವಮೈದನ ಕಣ್ಣುಗಳು ಮೇಲೆದ್ದವು.

"ಅಕ್ಕ ಏನು ಕೊಡ್ತೀನಿ ಅಂದಿದ್ದಾಳೋ?"

ಭಾವಮೈದ ಹಲ್ಲು ಕಿರಿದ. "ದಿನಕ್ಕೆ ಎರಡು ಹೊತ್ತು ಊಟ ಭಾವ."

"ಎರಡು ಕೇಳಿದೆಯಾ?"

"ಇಲ್ಲ, ನಾನು ನಾಲ್ಕು ಕೇಳಿದ್ದೆ."

ಅರ್ಧರಾಯರು ಅವನ ಹೆಗಲ ಮೇಲೊಮ್ಮೆ ಕೈಯಿಟ್ಟು, ತಮ್ಮ ಮೇಜಿಗೆ ಹೋಗಿ ಕೂತರು.